ಮನೆ ಸಾಲಕ್ಕೆ ಮೊದಲು ಗುಂಡಿ ಸರಿಮಾಡಿ: ಹರದನಹಳ್ಳಿ ಕಡೆಯ ಮನೆ ಕಟ್ಟುವವರಿಗೆ 13 ಸೂತ್ರಗಳು

ಬ್ಯಾಂಕಿನ ಕಡೆಯಿಂದ ಅಳತೆಗೆ ಬಂದಿದ್ದ ಎಂಜಿನಿಯರ್ ನಮ್ಮ ಹೊಸ ಬಾಗಿಲು, ಕಿಟಕಿ, ತಾರಸಿ ಎಲ್ಲವನ್ನೂ ಹತ್ತು ನಿಮಿಷದಲ್ಲಿ ನೋಡಿ ಮುಗಿಸಿದರು. ಆಮೇಲೆ ಟೇಪು ಹಿಡಿದುಕೊಂಡು ಹಿತ್ತಲಿಗೆ ಬಂದರು.

“ಯಜಮಾನ್ರೇ, ಪಾಯಿಖಾನೆ ಗುಂಡಿ ಎಲ್ಲಿದೆ?”

“ಅಲ್ಲೇ, ಆ ಮೆದೆ ಕೆಳಗೆ ಐತೆ ಸಾರ್” ಎಂದು ಅಪ್ಪ ಹುಲ್ಲಿನ ಮೆದೆಯ ಕಡೆ ಕೈ ತೋರಿಸಿದರು.

“ಅದು ಯಾರ ಪಾಲಿನ ಜಾಗ?”

ಅಪ್ಪ ಸುಮ್ಮನಾದರು. ಆ ಜಾಗ ವಿಭಾಗದಲ್ಲಿ ದೊಡ್ಡಪ್ಪನಿಗೆ ಹೋಗಿತ್ತು. ಮನೆ ನಮ್ಮದು, ಗುಂಡಿ ಅವರ ನೆಲದಲ್ಲಿ. ಅಷ್ಟಕ್ಕೇ ಮುಗಿಯಲಿಲ್ಲ. ಎಂಜಿನಿಯರ್ ಮೆದೆಯಿಂದ ಬಾವಿಯವರೆಗೆ ನಡೆದು ನೋಡಿದರು. ಹನ್ನೊಂದು ಹೆಜ್ಜೆ. ಎರಡೂ ಮನೆಯವರು ವರ್ಷಗಟ್ಟಲೆ ಕುಡಿದದ್ದು ಆ ಬಾವಿಯ ನೀರನ್ನೇ.

ಸಾಲ ನಿಂತಿತು. ಆಗ ಬೇಜಾರಾಗಿತ್ತು. ಇವತ್ತು ಅನಿಸುವುದು, ಆ ಪ್ರಶ್ನೆಯನ್ನು ಪಾಯ ತೆಗೆಯುವ ಮೊದಲೇ ನಾವೇ ಕೇಳಿಕೊಳ್ಳಬೇಕಿತ್ತು ಎಂದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಈಗ ಮನೆ ಕಟ್ಟಲು, ಕೊಳ್ಳಲು, ಮೇಲೆ ಒಂದು ಅಂತಸ್ತು ಏರಿಸಲು ಹೊರಟವರಿಗೆಂದೇ ಈ ಸೂತ್ರಗಳನ್ನು ಬರೆದಿದ್ದೇನೆ. ನೀರು ಒಳಗೆ ಬರುವ ದಾರಿಯನ್ನು ಎಲ್ಲರೂ ಯೋಚಿಸುತ್ತಾರೆ. ಹೊರಗೆ ಹೋಗುವ ದಾರಿಯನ್ನು ಮೊದಲು ಯೋಚಿಸಿದವರ ಮನೆ ಬ್ಯಾಂಕಿನ ಕಣ್ಣಲ್ಲೂ ಗಟ್ಟಿ, ಮಕ್ಕಳ ಆರೋಗ್ಯಕ್ಕೂ ಗಟ್ಟಿ.

1. ಬೆಲೆ ಕಟ್ಟುವವರು ಏನು ಬರೆದುಕೊಳ್ಳುತ್ತಾರೆ, ಮೊದಲೇ ತಿಳಿಯಿರಿ

ಮನೆ ಸಾಲದ ಅರ್ಜಿ ಕೊಟ್ಟ ಮೇಲೆ ಬ್ಯಾಂಕಿಗೆ ಎರಡು ವರದಿ ಹೋಗುತ್ತವೆ. ಒಂದು ವಕೀಲರದು: ಆಸ್ತಿ ನಿಮ್ಮದೇ, ಅದರ ಮೇಲೆ ಬೇರೆ ಸಾಲ, ತಕರಾರು ಇಲ್ಲ ಎಂಬುದು. ಇನ್ನೊಂದು ಎಂಜಿನಿಯರದು: ಅಳತೆ, ಕಟ್ಟಡದ ಗುಣ, ಇವತ್ತು ಮಾರಿದರೆ ಬರುವ ಬೆಲೆ. ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮೌಲ್ಯಮಾಪನ ನಮೂನೆಯಲ್ಲೇ ಒಂದು ಸಾಲು ಇದೆ: ಕೊಳಚೆ ನೀರು ಸಾರ್ವಜನಿಕ ಒಳಚರಂಡಿಗೆ ಸೇರಿದೆಯೇ, ಸೆಪ್ಟಿಕ್ ಟ್ಯಾಂಕ್ ಇದ್ದರೆ ಎಷ್ಟು, ಅದರ ಸಾಮರ್ಥ್ಯ ಎಷ್ಟು? ಇದಕ್ಕೆ ಉತ್ತರ ಸಿದ್ಧ ಇಟ್ಟುಕೊಳ್ಳಿ. ಎಂಜಿನಿಯರ್ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ. ನಾಳೆ ಈ ಮನೆ ಮಾರಾಟಕ್ಕೆ ಬಂದರೆ ಕೊಳ್ಳುವವರು ಹಿಂದೆಗೆಯುವಂಥ ಕೊರತೆ ಏನಾದರೂ ಇದೆಯೇ? ಗಬ್ಬು ನಾರುವ ಹಿತ್ತಲು, ಬೀದಿಗೆ ಹರಿಯುವ ಕೊಳಚೆ, ಪಕ್ಕದವರ ನೆಲದಲ್ಲಿರುವ ಗುಂಡಿ, ಮೂರೂ ಕೊಳ್ಳುವವರನ್ನು ಹಿಂದಕ್ಕೆ ಕಳಿಸುತ್ತವೆ.

2. ಕೊರತೆಯನ್ನು ರೂಪಾಯಿಗೆ ಇಳಿಸಿ ನೋಡಿ

ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕ್ ಹಾಕಿಕೊಟ್ಟಿದೆ. 30 ಲಕ್ಷ ರೂಪಾಯಿವರೆಗಿನ ಮನೆ ಸಾಲಕ್ಕೆ ಆಸ್ತಿಯ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಶೇ 80ರವರೆಗೆ, ಅದಕ್ಕೂ ಮೇಲ್ಪಟ್ಟರೆ ಶೇ 75ರವರೆಗೆ. ಉದಾಹರಣೆಗೆ, ನಿಮ್ಮ ಮನೆಗೆ 25 ಲಕ್ಷ ಬೆಲೆ ಕಟ್ಟಿದರೆ ಹೆಚ್ಚೆಂದರೆ 22.5 ಲಕ್ಷ ಸಾಲ. ಕೊಳಚೆಯ ಕೊರತೆ, ಪ್ಲಾನಿಗೆ ಹೊಂದದ ಕಟ್ಟಡ ಎಂದು ಬೆಲೆ 23 ಲಕ್ಷಕ್ಕೆ ಇಳಿದರೆ ಸಾಲ 20.7 ಲಕ್ಷ. ನಡುವಿನ 1.8 ಲಕ್ಷವನ್ನು ಕೈಯಿಂದ ಹಾಕಬೇಕು, ಇಲ್ಲವೇ ಕೈಸಾಲ ಮಾಡಬೇಕು. ಗುಂಡಿಯನ್ನು ಸರಿಯಾಗಿ ಕಟ್ಟಿಸುವುದು ಇದಕ್ಕಿಂತ ಎಷ್ಟೋ ಅಗ್ಗ. ಬಜೆಟ್ ಬರೆಯುವಾಗ ಅಡುಗೆಮನೆ ಕಪಾಟಿಗಿಂತ ಮೊದಲು ಗುಂಡಿಯ ಖರ್ಚು ಬರೆಯಿರಿ.

3. ಗುಂಡಿಯ ನೆಲ ಯಾರದೆಂದು ಕಾಗದದಲ್ಲಿ ತೋರಿಸಿ

ಇ-ಸ್ವತ್ತಿನ ನಮೂನೆ 9, ನಮೂನೆ 11, ಕಂದಾಯ ರಸೀದಿ, ಋಣಭಾರ ಪತ್ರ, ಕ್ರಯಪತ್ರ ಅಥವಾ ವಿಭಾಗ ಪತ್ರ, ಇವಿಷ್ಟು ಕೈಯಲ್ಲಿರಲಿ. ಅಧಿಕೃತ ಆಸ್ತಿಗೆ ಕೊಡುವ ನಮೂನೆ 11ಎ ಇದ್ದರೆ ಬ್ಯಾಂಕಿನ ವಕೀಲರ ದಾರಿ ಸುಲಭ. ಹಾಗಲ್ಲದ ಆಸ್ತಿಯ 11ಬಿ ಇದ್ದರೆ ಸಾಲ ಕೊಡುತ್ತಾರೋ ಇಲ್ಲವೋ ಎಂದು ಅರ್ಜಿಗೆ ಮೊದಲೇ ಕೇಳಿ. ಹೊಲದಲ್ಲಿ ಮನೆ ಕಟ್ಟುವವರು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಅಲಿನೇಷನ್, ಅಂದರೆ ಭೂ ಪರಿವರ್ತನೆ ಮಾಡಿಸಬೇಕು. ಬ್ಯಾಂಕುಗಳು ಹೊಲದ ಮೇಲೆ ಮನೆ ಸಾಲ ಕೊಡಲು ಹಿಂಜರಿಯುವುದಕ್ಕೆ ಕಾರಣವಿದೆ: ಬಾಕಿದಾರರ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ಪಡೆಯಲು ದಾರಿ ಮಾಡಿಕೊಟ್ಟ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ.

ಇನ್ನು ಅಣ್ಣತಮ್ಮಂದಿರ ವಿಭಾಗ. ಮನೆ, ಹೊಲ, ತೆಂಗಿನ ಮರ ಎಲ್ಲವನ್ನೂ ಎಣಿಸಿ ಹಂಚಿಕೊಳ್ಳುತ್ತೇವೆ, ಗುಂಡಿಯನ್ನು ಮರೆಯುತ್ತೇವೆ. ನಮ್ಮ ಮನೆಯಲ್ಲಿ ಆದದ್ದೂ ಅದೇ. ಗುಂಡಿ ಯಾರಿಗೆ, ಪೈಪು ಯಾರ ಜಾಗದಲ್ಲಿ ಹಾಯುತ್ತದೆ, ಖಾಲಿ ಮಾಡಿಸಲು ಗಾಡಿ ಬರುವ ದಾರಿ ಯಾವುದು, ಈ ಮೂರನ್ನೂ ವಿಭಾಗ ಪತ್ರದಲ್ಲೇ ಬರೆಸಿ ನೋಂದಣಿ ಮಾಡಿಸಿ. ಬಾಯಿಮಾತು ದೊಡ್ಡವರ ಕಾಲಕ್ಕೆ ನಡೆಯುತ್ತದೆ, ಮಕ್ಕಳ ಕಾಲಕ್ಕೆ ಜಗಳವಾಗುತ್ತದೆ.

4. ಪ್ಲಾನಿನ ಹಾಳೆಯಲ್ಲಿ ಗುಂಡಿಯನ್ನೂ ಬರೆಸಿ

1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಹಳ್ಳಿಯಲ್ಲಿ ಮನೆ ಕಟ್ಟಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಆ ಅನುಮತಿಗೆ ಕೊಡುವ ನಕ್ಷೆಯಲ್ಲಿ ಕೋಣೆಗಳ ಜೊತೆಗೆ ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ, ಬಾವಿ ಅಥವಾ ಬೋರ್‌ವೆಲ್, ಇವುಗಳ ನಡುವಿನ ದೂರ ಎಲ್ಲವೂ ಇರಲಿ. ಬ್ಯಾಂಕಿನ ಎಂಜಿನಿಯರ್ ಬಂದಾಗ ನಕ್ಷೆ ಒಂದು ಕೈಯಲ್ಲಿ, ಟೇಪು ಇನ್ನೊಂದು ಕೈಯಲ್ಲಿ ಇರುತ್ತದೆ. ಎರಡೂ ಹೊಂದಿದರೆ ಕೆಲಸ ಬೇಗ ಮುಗಿಯುತ್ತದೆ. ಗುಂಡಿ ಸೈಟಿನ ಗಡಿಯೊಳಗೇ ಇರಬೇಕು. ರಸ್ತೆಯ ಅಂಚಿಗೆ, ಓಣಿಯ ಕೆಳಗೆ ಗುಂಡಿ ತೋಡಿಸುವುದು ನಮ್ಮ ಕಡೆ ಎಷ್ಟೋ ಕಡೆ ಇದೆ. ರಸ್ತೆ ಅಗಲವಾದ ದಿನ ಆ ಗುಂಡಿ ಹೋಗುತ್ತದೆ.

ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದಿ, ಗುತ್ತಿಗೆ ಕೆಲಸ ಮಾಡಿ, 1996ರಲ್ಲಿ ದೇಶದ ಪ್ರಧಾನಿಯಾದವರು. ಅಂಥ ಊರಿನ ನೆರೆಹೊರೆಯವರಾದ ನಾವು ನಕ್ಷೆಯಿಲ್ಲದೆ ಗುದ್ದಲಿ ಹಾಕಬಾರದು.

5. ಪಟ್ಟಣವಾದರೆ ಒಳಚರಂಡಿಯ ಸಂಪರ್ಕ ಪತ್ರ ಕೇಳಿ

ಹೊಳೆನರಸೀಪುರ ಅಥವಾ ಚನ್ನರಾಯಪಟ್ಟಣದಲ್ಲಿ ಪುರಸಭೆ, ಅರಕಲಗೂಡಿನಲ್ಲಿ ಪಟ್ಟಣ ಪಂಚಾಯಿತಿ. ಅಲ್ಲಿ ಮನೆ ಕೊಳ್ಳುವವರು “ಯುಜಿಡಿ ಇದೆ” ಎಂಬ ಮಾತಿಗೇ ಸುಮ್ಮನಾಗಬೇಡಿ. ರಸ್ತೆಯಲ್ಲಿ ಪೈಪು ಹಾದಿರುವುದು ಬೇರೆ, ಈ ಮನೆಯ ಚೇಂಬರಿನಿಂದ ಆ ಪೈಪಿಗೆ ಅಧಿಕೃತ ಸಂಪರ್ಕ ಇರುವುದು ಬೇರೆ. ಸಂಪರ್ಕದ ಅನುಮತಿ, ಹಣ ಕಟ್ಟಿದ ರಸೀದಿ ಕೇಳಿ ಪಡೆಯಿರಿ. ಶೌಚದ ಪೈಪನ್ನು ಮಳೆನೀರಿನ ಚರಂಡಿಗೆ ಬಿಟ್ಟಿದ್ದರೆ, ಅದನ್ನು ಸರಿಮಾಡಿಸುವವರೆಗೆ ಮುಂಗಡ ಕೊಡಬೇಡಿ. ಆ ಚರಂಡಿ ಕೊನೆಗೆ ಕೆರೆಗೋ ಹೊಳೆಗೋ ಸೇರುತ್ತದೆ.

6. ಕುಡಿಯುವ ನೀರಿಗೂ ಇಂಗುಗುಂಡಿಗೂ 18 ಮೀಟರ್ ಬಿಡಿ

ಇದು ನೆನಪಿಡಲೇಬೇಕಾದ ಸಂಖ್ಯೆ. ಸೆಪ್ಟಿಕ್ ಟ್ಯಾಂಕುಗಳಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಸಂಹಿತೆ ಇದೆ. ಅದರಂತೆ ಕೊಳಚೆ ಇಂಗುವ ಜಾಗ ಬಾವಿಯಂಥ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ವಾಸದ ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಬೇಕು. ನಮ್ಮ ಮನೆಯ ಹನ್ನೊಂದು ಹೆಜ್ಜೆ ಅದರ ಅರ್ಧಕ್ಕೂ ಬರುವುದಿಲ್ಲ.

ಈಗ ಒಂದು ಲೆಕ್ಕ ಮಾಡಿ. 30×40 ಅಡಿ ಸೈಟಿನ ಒಂದು ಮೂಲೆಯಿಂದ ಎದುರು ಮೂಲೆಗೆ 50 ಅಡಿ, ಅಂದರೆ 15 ಮೀಟರು ಚಿಲ್ಲರೆ. ಅಂಥ ಸೈಟಿನಲ್ಲಿ ಬೋರ್‌ವೆಲ್ಲನ್ನೂ ಇಂಗುಗುಂಡಿಯನ್ನೂ ಎಷ್ಟೇ ದೂರಕ್ಕೆ ತಳ್ಳಿದರೂ 18 ಮೀಟರ್ ಸಿಗುವುದೇ ಇಲ್ಲ. ಪಕ್ಕದವರ ಬಾವಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಹಾಗಾಗಿ ಸಣ್ಣ ಸೈಟಿನವರು ಕುಡಿಯುವ ನೀರಿಗೆ ಪಂಚಾಯಿತಿಯ ನಲ್ಲಿಯನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು. ‘ಮನೆ ಮನೆಗೆ ಗಂಗೆ’ ಯೋಜನೆ ಬಂದದ್ದೇ ಅದಕ್ಕೆ. ಹಿತ್ತಲು ಉದ್ದವಿರುವವರು ಆ ಉದ್ದವನ್ನು ಬಳಸಿಕೊಳ್ಳಿ.

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗೂ ಈ ಲೆಕ್ಕ ತಪ್ಪಿದ್ದಲ್ಲ. ಅಲ್ಲಿ ಸರ್ಕಾರದ ಎಫ್‌ಎಚ್‌ಎ ವಿಮೆಯ ಗೃಹಸಾಲಕ್ಕೆ ಮನೆಯ ಬಾವಿ ಸೆಪ್ಟಿಕ್ ಟ್ಯಾಂಕಿನಿಂದ 50 ಅಡಿ, ಕೊಳಚೆ ಇಂಗುವ ನೆಲದಿಂದ 100 ಅಡಿ ದೂರ ಇರಬೇಕೆಂಬ ನಿಯಮವಿದೆ. ಸ್ಥಳೀಯ ಆಡಳಿತ ಒಪ್ಪಿದರೆ ಎರಡನೆಯದು 75 ಅಡಿಗೆ ಇಳಿಯಬಹುದು. ನಮ್ಮ ಬ್ಯಾಂಕುಗಳು ಅಷ್ಟು ಕಟ್ಟುನಿಟ್ಟಾಗಿ ಅಡಿ ಎಣಿಸದೆ ಇರಬಹುದು. ನೀವು ಎಣಿಸಿ. ಆ ನೀರು ಕುಡಿಯುವುದು ನಿಮ್ಮ ಮನೆಯ ಕೂಸು.

7. ನೆಲ ನೀರು ಕುಡಿಯುತ್ತದೆಯೇ, ಪರೀಕ್ಷಿಸಿ

ಹೇಮಾವತಿ ನಾಲೆಯ ಅಚ್ಚುಕಟ್ಟಿನ ಊರುಗಳಿಗೆ ಇದು ಬಹಳ ಮುಖ್ಯ. ನಾಲೆಗೆ ನೀರು ಬಿಟ್ಟು ಗದ್ದೆ ನಾಟಿಯಾದ ಮೇಲೆ ತಗ್ಗಿನ ಮನೆಗಳ ಗುಂಡಿಯಲ್ಲಿ ನೀರು ತಾನಾಗಿ ಏರುತ್ತದೆ. ಬೇಸಿಗೆಯಲ್ಲಿ ಒಣಗಿದ್ದ ಗುಂಡಿ ಮಳೆಗಾಲದಲ್ಲಿ ಉಕ್ಕುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ನೋಡಿ ನಿರ್ಧಾರ ಮಾಡಬೇಡಿ. ಪಕ್ಕದ ಬಾವಿಯಲ್ಲಿ ಮಳೆಗಾಲದ ನೀರಿನ ಮಟ್ಟ ಎಲ್ಲಿಗೆ ಬರುತ್ತದೆ ಎಂದು ಹಿರಿಯರನ್ನು ಕೇಳಿ. ಇಂಗುಗುಂಡಿಯ ತಳ ಆ ಮಟ್ಟಕ್ಕಿಂತ 2 ಮೀಟರ್ ಮೇಲೆ ಇದ್ದರೆ ಭಯವಿಲ್ಲ.

ಮಣ್ಣಿನ ಪರೀಕ್ಷೆಯನ್ನು ನೀವೇ ಮಾಡಬಹುದು. ಗುಂಡಿ ಬರುವ ಆಳಕ್ಕೆ ಒಂದು ಗೇಣಗಲದ ತೂತು ತೋಡಿ, ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ, ನೀರು ತುಂಬಿ ಒಂದು ರಾತ್ರಿ ಮಣ್ಣನ್ನು ನೆನೆಯಲು ಬಿಡಿ. ಮರುದಿನ ಮತ್ತೆ ನೀರು ಹಾಕಿ, ಒಂದು ಇಂಚು ಇಳಿಯಲು ಎಷ್ಟು ನಿಮಿಷ ಹಿಡಿಯುತ್ತದೆ ನೋಡಿ. ಅರ್ಧ ಗಂಟೆಯೊಳಗೆ ಇಳಿದರೆ ಇಂಗುಗುಂಡಿ ನಡೆಯುತ್ತದೆ. ಅರ್ಧದಿಂದ ಒಂದು ಗಂಟೆಯಾದರೆ ಉದ್ದನೆಯ ಇಂಗುಕಾಲುವೆ ಬೇಕು. ಒಂದು ಗಂಟೆ ದಾಟಿತೆಂದರೆ ಆ ನೆಲ ನೀರು ಕುಡಿಯುವುದಿಲ್ಲ. ಎಂಜಿನಿಯರನ್ನು ಕೇಳಿ ಶೋಧಕ ತೊಟ್ಟಿಯ ದಾರಿ ಹಿಡಿಯಿರಿ.

8. ಆಳದ ಒಂಟಿ ಗುಂಡಿ ಬೇಡ, ಅವಳಿ ಗುಂಡಿ ಸಾಕು

“ಇಪ್ಪತ್ತಡಿ ರಿಂಗ್ ಇಳಿಸಿಬಿಟ್ಟರೆ ಜನ್ಮದಲ್ಲಿ ತುಂಬುವುದಿಲ್ಲ” ಎನ್ನುವ ಮೇಸ್ತ್ರಿಗಳಿದ್ದಾರೆ. ತುಂಬದಿರುವುದಕ್ಕೆ ಕಾರಣ ಕೊಳಚೆ ನೇರವಾಗಿ ಅಂತರ್ಜಲಕ್ಕೆ ಸೇರುತ್ತಿರುವುದು. ಐದು ಜನರ ಮನೆಗೆ ಸ್ವಚ್ಛ ಭಾರತ್ ಗ್ರಾಮೀಣ ಯೋಜನೆ ಹೇಳಿದ ಅವಳಿ ಗುಂಡಿ ಸಾಲುತ್ತದೆ. ಸುಮಾರು 1 ಮೀಟರ್ ಅಗಲ, 1 ಮೀಟರು ಚಿಲ್ಲರೆ ಆಳದ ಎರಡು ಗುಂಡಿ, ನಡುವೆ ಕನಿಷ್ಠ 1 ಮೀಟರ್ ಅಂತರ, ಗೋಡೆಯ ಇಟ್ಟಿಗೆಗಳ ನಡುವೆ ಸಂದು, ತಳ ಬರೀ ಮಣ್ಣು. ಮುಂದೆ ಒಂದು ಕವಲು ಚೇಂಬರ್. ಒಂದು ಗುಂಡಿ ಮೂರು ವರ್ಷದ ಸುಮಾರಿಗೆ ತುಂಬಿದಾಗ ಆ ಬಾಯಿ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿ. ಮುಚ್ಚಿದ ಗುಂಡಿ ಎರಡು ವರ್ಷ ಸುಮ್ಮನಿದ್ದರೆ ಒಳಗಿದ್ದದ್ದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ, ತೆಂಗಿನ ಬುಡಕ್ಕೆ ಹಾಕಬಹುದು. ಅರ್ಹ ಮನೆಗಳಿಗೆ ಈ ಯೋಜನೆಯಡಿ 12,000 ರೂಪಾಯಿ ಪ್ರೋತ್ಸಾಹಧನ ನಿಗದಿಯಾಗಿತ್ತು. ನಿಮಗೆ ಅನ್ವಯಿಸುತ್ತದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.

9. ಸೆಪ್ಟಿಕ್ ಟ್ಯಾಂಕಾದರೆ ಅಳತೆ ಹಿಡಿದು ಕಟ್ಟಿಸಿ

ತಳಕ್ಕೆ ಕಾಂಕ್ರೀಟ್ ಇಲ್ಲದ, ಗೋಡೆಗೆ ಗಾರೆ ಇಲ್ಲದ ತೊಟ್ಟಿಯನ್ನು ಸೆಪ್ಟಿಕ್ ಟ್ಯಾಂಕ್ ಎಂದು ಕರೆಯಬೇಡಿ. ಟ್ಯಾಂಕ್ ಎಂದರೆ ನೀರು ಸೋರಬಾರದು. ಐದು ಜನಕ್ಕೆ ಉದ್ದ 1.5 ಮೀಟರ್, ಅಗಲ 0.75 ಮೀಟರ್, ನೀರು ನಿಲ್ಲುವ ಆಳ 1 ಮೀಟರ್, ಅದರ ಮೇಲೆ ಖಾಲಿ ಜಾಗ 30 ಸೆಂಟಿಮೀಟರ್. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಐದಡಿ ಉದ್ದ, ಎರಡೂವರೆ ಅಡಿ ಅಗಲ, ನಾಲ್ಕೂಕಾಲು ಅಡಿ ಆಳ. ಅದರಲ್ಲಿ ಸುಮಾರು 1,100 ಲೀಟರ್ ಹಿಡಿಯುತ್ತದೆ. ಹತ್ತು ಜನಕ್ಕೆ 2 ಮೀಟರ್ ಉದ್ದ, 0.9 ಮೀಟರ್ ಅಗಲ, ನೀರಿನ ಆಳ 1 ಮೀಟರ್, ಹತ್ತಿರ ಹತ್ತಿರ 1,800 ಲೀಟರ್. ಮೌಲ್ಯಮಾಪನದ ಹಾಳೆಯಲ್ಲಿ ‘ಸಾಮರ್ಥ್ಯ’ ಎಂಬ ಜಾಗಕ್ಕೆ ಈ ಸಂಖ್ಯೆಯನ್ನೇ ಹೇಳಬೇಕು.

ಹಬ್ಬಕ್ಕೆ ಮಗಳು ಅಳಿಯ ಮೊಮ್ಮಕ್ಕಳು ಬಂದು ಕೂಡುವ ಮನೆಯವರು ಐದರ ಲೆಕ್ಕ ಬಿಟ್ಟು ಹತ್ತರ ಲೆಕ್ಕ ಹಿಡಿಯಿರಿ. ಟ್ಯಾಂಕ್ 2,000 ಲೀಟರ್ ದಾಟಿದರೆ ಒಳಗೆ ಅಡ್ಡಗೋಡೆ ಹಾಕಿ ಎರಡು ಭಾಗ ಮಾಡಿಸಿ, ಒಳಬರುವ ಕಡೆಯ ಭಾಗ ಎರಡು ಪಾಲು, ಹೊರಹೋಗುವ ಕಡೆಯದು ಒಂದು ಪಾಲು. ಟ್ಯಾಂಕಿನ ಗಾಳಿಕೊಳವೆ ಮನೆಯ ತಾರಸಿಗಿಂತ 2 ಮೀಟರ್ ಮೇಲಕ್ಕೆ ಹೋಗಲಿ, ತುದಿಗೆ ಸೊಳ್ಳೆ ಹೋಗದಂತೆ ಜಾಲರಿ ಕಟ್ಟಿ. ಟ್ಯಾಂಕಿನಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ರೋಗಾಣು ತುಂಬಿದ ನೀರೇ. ಅದು ಇಂಗುಗುಂಡಿಗೇ ಹೋಗಬೇಕು, ಚರಂಡಿಗೆ ಬಿಡಬಾರದು.

10. ಬಚ್ಚಲು ನೀರು, ಕೊಟ್ಟಿಗೆ ನೀರಿಗೆ ಬೇರೆ ದಾರಿ ಮಾಡಿ

ಸ್ನಾನದ ನೀರು, ಪಾತ್ರೆ ತೊಳೆದ ನೀರು, ದನದ ಗಂಜಲ ಎಲ್ಲವನ್ನೂ ಶೌಚದ ಗುಂಡಿಗೆ ತಿರುಗಿಸಿದರೆ ಎಂಥ ಗುಂಡಿಯೂ ತಡೆಯುವುದಿಲ್ಲ. ಬಚ್ಚಲು ನೀರಿಗೆ ಪ್ರತ್ಯೇಕ ಬಚ್ಚಲು ಗುಂಡಿ ಮಾಡಿ. ಉದ್ಯೋಗ ಖಾತ್ರಿಯಲ್ಲಿ ಇಂಥದ್ದನ್ನು ಕಟ್ಟಿಸಿಕೊಂಡ ಮನೆಗಳು ರಾಜ್ಯದ ಉದ್ದಗಲಕ್ಕೂ ಇವೆ. ಬಾಳೆ, ಕೆಸು ಇರುವ ಕಡೆ ಹರಿಸಿದರೂ ಆಯಿತು. ಗಂಜಲ ತಿಪ್ಪೆಗೆ ಹೋಗಲಿ. ಬೀದಿಯಲ್ಲಿ ನೀರು ನಿಲ್ಲದ ಮನೆಗೆ ಬೆಲೆ ಕಟ್ಟುವವರು ಎರಡನೇ ಸಲ ಪ್ರಶ್ನೆ ಹಾಕುವುದಿಲ್ಲ.

11. ಮಣ್ಣು ಮುಚ್ಚುವ ಮೊದಲು ಫೋಟೊ ತೆಗೆದಿಡಿ

ಕಟ್ಟುವ ಮನೆಗೆ ಸಾಲದ ಹಣ ಒಂದೇ ಸಲ ಬರುವುದಿಲ್ಲ. ಪಾಯ, ಲಿಂಟಲ್, ತಾರಸಿ, ಗಾರೆ ಎಂದು ಹಂತ ಹಂತವಾಗಿ ಬರುತ್ತದೆ, ಹಂತಕ್ಕೊಮ್ಮೆ ಪರಿಶೀಲನೆ ನಡೆಯುತ್ತದೆ. ಗುಂಡಿಯ ಕೆಲಸವನ್ನು ಕೊನೆಗೆ ಉಳಿಸಿದವರಿಗೆ ಆ ಹೊತ್ತಿಗೆ ಕೈ ಬರಿದಾಗಿರುತ್ತದೆ. ಪಾಯದ ಜೊತೆಗೇ ಗುಂಡಿಯನ್ನೂ ತೋಡಿಸಿ. ತಳ, ಗೋಡೆ, ಪೈಪಿನ ಇಳಿಜಾರು, ಅಡ್ಡಗೋಡೆ, ಇವುಗಳ ಫೋಟೊವನ್ನು ಟೇಪು ಇಟ್ಟು ಅಳತೆ ಕಾಣುವಂತೆ ತೆಗೆಯಿರಿ. ಮಣ್ಣು ಮುಚ್ಚಿದ ಮೇಲೆ ಆ ಫೋಟೊಗಳೇ ಸಾಕ್ಷಿ. ಚಪ್ಪಡಿ ಎಲ್ಲಿ ಬರುತ್ತದೆ ಎಂದು ಮನೆಯ ಮೂಲೆಯಿಂದ ಅಳೆದು ಒಂದು ಹಾಳೆಯಲ್ಲಿ ಬರೆದು ಕಾಗದಪತ್ರದ ಕಡತದಲ್ಲಿ ಇಡಿ. ಹಳೇ ಮನೆ ಕೊಳ್ಳುವವರು ಮಾತು ಮುಗಿಸುವ ಮೊದಲು ಚಪ್ಪಡಿ ಎತ್ತಿಸಿ ದೂರ ನಿಂತು ನೋಡಿ, ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದರು ಎಂದು ಕೇಳಿ. ಸಾಧ್ಯವಾದರೆ ಮಳೆಗಾಲದಲ್ಲಿ ನೋಡಿ.

12. ಗುಂಡಿಗೆ ಮನುಷ್ಯರನ್ನು ಇಳಿಸಬೇಡಿ

ಹಣದ ಮಾತು ಬಿಟ್ಟು ಹೇಳುತ್ತೇನೆ, ಈ ಹದಿಮೂರರಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ತುಂಬಿರುತ್ತವೆ. ಇಳಿದವನು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಸ್ವಚ್ಛತೆಗೆ ಯಾರೂ ಯಾರನ್ನೂ ನೇಮಿಸಬಾರದು ಎನ್ನುತ್ತದೆ. ಮನೆಯ ಯಜಮಾನರೂ ಆ ‘ಯಾರೂ’ ಎಂಬುದರೊಳಗೆ ಬರುತ್ತಾರೆ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಮಲ ಹೊರುವ ಪದ್ಧತಿಯ ವಿರುದ್ಧದ ಹೋರಾಟಕ್ಕೆ ಜೀವ ಸವೆಸಿದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿಯ ಊರಿನವರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು.

ಸಕ್ಕಿಂಗ್ ಗಾಡಿ ಕರೆಸಿ. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ ರಸೀದಿ ಇಟ್ಟುಕೊಳ್ಳಿ. ಮುಂದೆ ಮನೆ ಮಾರುವಾಗ ಆ ರಸೀದಿಗೂ ಬೆಲೆಯಿದೆ. ಕಟ್ಟುವಾಗಲೇ ಗಾಡಿಯ ಪೈಪು ತಲುಪುವಂತೆ ದಾರಿ ಬಿಡಿ, ಚಪ್ಪಡಿಗೆ ಹಿಡಿ ಇಡಿಸಿ. ಎತ್ತಿದ ಕೊಳಚೆಯನ್ನು ಎಲ್ಲಿ ಸುರಿಯುತ್ತೀರಿ ಎಂದು ಗಾಡಿಯವರನ್ನು ಕೇಳಿ. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಲ್ಲಿ 2015ರಿಂದಲೇ ಈ ಕೊಳಚೆಯನ್ನು ಶುದ್ಧೀಕರಿಸಿ ಗೊಬ್ಬರ ಮಾಡುವ ಘಟಕವಿದೆ. ನಮ್ಮ ತಾಲ್ಲೂಕಿಗೂ ಅಂಥ ಅನುಕೂಲ ಬೇಕೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

13. ವರದಿಯಲ್ಲಿ ಕೊರತೆ ಬಂದರೆ ಎದೆಗುಂದಬೇಡಿ

ಬೆಲೆ ಕಡಿಮೆ ಬಂದರೆ, ಸಾಲ ನಿಂತರೆ, ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಸರಿಮಾಡಲು ಆಗುವುದನ್ನು ಸರಿಮಾಡಿ, ಫೋಟೊ ಮತ್ತು ಖರ್ಚಿನ ಬಿಲ್ಲು ಸೇರಿಸಿ ಮತ್ತೊಮ್ಮೆ ಸ್ಥಳ ಪರಿಶೀಲನೆಗೆ ಅರ್ಜಿ ಕೊಡಿ. ಗುಂಡಿಯ ಕೊರತೆ ವಾರಗಳಲ್ಲಿ ಸರಿಹೋಗುವಂಥದ್ದು. ಬಂದ ಎಂಜಿನಿಯರ್ ಮುಂದೆ ಏನನ್ನೂ ಮುಚ್ಚಿಡಬೇಡಿ. ಅವರು ಎತ್ತಿ ತೋರಿಸುವ ದೋಷ ಬ್ಯಾಂಕಿಗಿಂತ ಮೊದಲು ನಿಮಗೆ ಬೇಕಾದ ಮಾಹಿತಿ.

ನಮ್ಮ ಮನೆಯಲ್ಲಿ ಅಪ್ಪ ದೊಡ್ಡಪ್ಪ ಒಂದು ಸಂಜೆ ಜಗಲಿಯ ಮೇಲೆ ಕೂತು ಮಾತಾಡಿದರು. ಬಹಳ ದಿನದ ಮೇಲೆ ಅವರಿಬ್ಬರೂ ಕೂತು ಮಾತಾಡಿದ್ದು ಅದೇ ಮೊದಲು. ಹಿತ್ತಲ ತುದಿಯಲ್ಲಿ, ಬಾವಿಯಿಂದ 20 ಮೀಟರ್ ಅಳೆದು ನಮ್ಮದೇ ನೆಲದಲ್ಲಿ ಅವಳಿ ಗುಂಡಿ ತೋಡಿಸಿದೆವು. ದೊಡ್ಡಪ್ಪನವರೂ ತಮ್ಮ ಕಡೆ ಅಷ್ಟೇ ದೂರಕ್ಕೆ ತೋಡಿಸಿದರು. ಹಳೇ ಗುಂಡಿಯನ್ನು ಗಾಡಿ ಕರೆಸಿ ಖಾಲಿ ಮಾಡಿಸಿ ಮಣ್ಣು ತುಂಬಿದೆವು. ಎರಡನೇ ಸಲ ಅಳತೆಗೆ ಬಂದವರು ಟೇಪು ಬಿಚ್ಚುವ ಮೊದಲೇ ಅಪ್ಪ ಹಾಳೆಯನ್ನು ಅವರ ಕೈಗಿಟ್ಟರು. ಗುಂಡಿ, ಪೈಪು, ಬಾವಿ, ನಡುವಿನ ಮೀಟರು, ಎಲ್ಲವನ್ನೂ ತಮ್ಮ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಸಾಲ ಆಯಿತು.

ಮೆದೆ ಇದ್ದ ಜಾಗದಲ್ಲಿ ಈಗ ದೊಡ್ಡಮ್ಮ ಹಾಕಿದ ಬಾಳೆ ಇದೆ. ಬಾವಿಯ ನೀರನ್ನು ತೊಳೆಯಲು, ಗಿಡಕ್ಕೆ ಮಾತ್ರ ಬಳಸುತ್ತೇವೆ, ಕುಡಿಯಲು ನಲ್ಲಿ ನೀರು. ಅಪ್ಪ ಬರೆದ ಆ ಹಾಳೆ ಇವತ್ತಿಗೂ ಖಾತೆ ಪತ್ರದ ಜೊತೆಯಲ್ಲೇ ಇದೆ. ನಿಮ್ಮ ಮನೆಗೂ ಅಂಥದ್ದೊಂದು ಹಾಳೆ ಬೇಕು. ಪಾಯಕ್ಕೆ ಗುದ್ದಲಿಪೂಜೆ ಮಾಡುವ ಮುಂಚಿನ ದಿನ ಕೂತು ಬರೆಯಿರಿ.